ಗಣಿತಸಾರಸಂಗ್ರಹದ ಎರಡು ಲೆಕ್ಕಗಳು ಮತ್ತು ಪಾಠನಿರ್ಣಯ

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರಿಗೆ ಆಧಾರವಾದ ಐದು ಪ್ರತಿಗಳಲ್ಲಿ ಒಂದು, ಮೂಡಬಿದಿರೆಯ ಓಲೆಪ್ರತಿಯಿಂದ ಕಾಗದಕ್ಕೆ ಇಳಿಸಿದ ಕನ್ನಡ ಲಿಪಿಯ ನಕಲು. ಲೆಕ್ಕಗಳ ಅಂಕಗಳನ್ನೂ ಉತ್ತರಗಳನ್ನೂ ಕನ್ನಡದಲ್ಲಿ ಸಂಕ್ಷೇಪವಾಗಿ ಹೇಳುವುದು ಅದರ ವಿಶೇಷ. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡಾನುವಾದವೂ ಹೊರಬಂದಿದೆ.

ಮಿಶ್ರಕವ್ಯವಹಾರದ ಹಣ್ಣಿನ ಲೆಕ್ಕವು ಪ್ರಸಿದ್ಧವಾದುದು. ಒಂಬತ್ತು ಮಾದಲ, ಏಳು ಬೇಲದ ಹಣ್ಣುಗಳಿಗೆ ಬೆಲೆ 107. ಏಳು ಮಾದಲ, ಒಂಬತ್ತು ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಆಚಾರ್ಯರ ಸೂತ್ರದಂತೆ ಅಧಿಕ ಬೆಲೆಯನ್ನು ಅಧಿಕ ಸಂಖ್ಯೆಯಿಂದಲೂ ಅಲ್ಪ ಬೆಲೆಯನ್ನು ಅಲ್ಪ ಸಂಖ್ಯೆಯಿಂದಲೂ ಗುಣಿಸಬೇಕು. ಬಂದ 963 ಮತ್ತು 707ರ ಅಂತರ 256. ಸಂಖ್ಯೆಗಳ ವರ್ಗಾಂತರ 81ರಲ್ಲಿ 49 ಕಳೆದು 32. ಭಾಗಿಸಿದರೆ ಮಾದಲದ ಬೆಲೆ 8. ಉಳಿದ 35ನ್ನು ಏಳರಿಂದ ಭಾಗಿಸಿದರೆ ಬೇಲದ ಬೆಲೆ 5.

ಇದನ್ನು ಎರಡು ಅವ್ಯಕ್ತಗಳ ಸಮೀಕರಣವೆಂದು ಬರೆದು ತೋರಿಸುವುದು ತಪ್ಪಲ್ಲ. ಆದರೆ ಎಲ್ಲ ಯುಗಪತ್ ಸಮೀಕರಣಗಳಿಗೂ ಸಲ್ಲುವ ವಿಧಾನವೆಂದು ಈ ಸೂತ್ರವನ್ನು ಹೊಗಳುವುದು ಅತಿಶಯೋಕ್ತಿ. ಒಂಬತ್ತು, ಏಳು ಎಂಬ ಸಂಖ್ಯೆಗಳು ಸ್ಥಾನ ಬದಲಿಸಿಕೊಂಡಿರುವುದರಿಂದಲೇ ವರ್ಗಾಂತರ ಒದಗಿತು. ಎರಡನೆಯ ಸಾಲಿನಲ್ಲಿ ಐದು ಮಾದಲ, ಒಂಬತ್ತು ಬೇಲ ಎಂದಿದ್ದರೆ ಸೂತ್ರ ನಡೆಯದು. ಆ ಕಟ್ಟನ್ನು ಗುರುತಿಸುವುದೇ ಆಚಾರ್ಯರಿಗೆ ಸಲ್ಲಿಸುವ ನಿಜವಾದ ಗೌರವ.

ಪಾಠಪರಿಶೋಧಕನಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಉಪಕಾರಿ. ಲಿಪಿಕಾರನು 101ರ ಬದಲು 103 ಎಂದು ಬರೆದನೆಂದು ಕಲ್ಪಿಸಿದರೆ ಅಂತರ 242 ಆಗುತ್ತದೆ; 32ರಿಂದ ಅದು ನಿಃಶೇಷವಾಗಿ ಭಾಗವಾಗದು. ಅಪಪಾಠವು ತಾನಾಗಿಯೇ ಸಿಕ್ಕಿಬೀಳುತ್ತದೆ.

ಇದೇ ಭರವಸೆಯನ್ನು ಎಲ್ಲೆಡೆಗೂ ಒಯ್ಯಲಾಗದು. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಅದು ತನಗೆ ದೊರೆತರೆ ತನ್ನ ಧನವು ಉಳಿದಿಬ್ಬರ ಒಟ್ಟು ಧನದ ಎರಡರಷ್ಟಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳಿದರು. ಚೀಲದಲ್ಲಿ 15, ವರ್ತಕರಲ್ಲಿ ಕ್ರಮವಾಗಿ 1, 3, 5 ಎಂಬುದು ಉತ್ತರ. 16 ಎಂಟರ ಇಮ್ಮಡಿ, 18 ಆರರ ಮುಮ್ಮಡಿ, 20 ನಾಲ್ಕರ ಐದುಮಡಿ. ಆದರೆ ಅವ್ಯಕ್ತಗಳು ನಾಲ್ಕು, ನಿಬಂಧನೆಗಳು ಮೂರೇ. ಎಲ್ಲವನ್ನೂ ಇಮ್ಮಡಿಸಿದರೂ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಗಣಿತವು ಉತ್ತರಗಳ ಪರಸ್ಪರ ಪ್ರಮಾಣವನ್ನು ಮಾತ್ರ ನಿರ್ಣಯಿಸಬಲ್ಲದು. ಯಾವ ಅಂಕವನ್ನು ಪರಂಪರೆ ಪಾಠ ಹೇಳುತ್ತ ಬಂತೆಂಬುದಕ್ಕೆ ಪ್ರತಿಗಳಲ್ಲಿರುವ ಕನ್ನಡ ಉತ್ತರಗಳೇ ಸಾಕ್ಷಿ. ಯಾವುದಾದರೊಂದು ಓಲೆಯಲ್ಲಿ 30, 2, 6, 10 ಎಂದು ಕಂಡುಬಂದರೆ ಸಂಪಾದಕರು ಅದನ್ನು ಲಿಪಿಕಾರನ ಪ್ರಮಾದವೆಂದು ತೆಗೆದುಹಾಕದೆ ಪಾಠಾಂತರವೆಂದು ದಾಖಲಿಸತಕ್ಕದ್ದು.