ಕಾಬೂಲಿನ ಟಾಕೀಸುಗಳನ್ನು ಕೆಡವಿದವರು

ಕಾಬೂಲಿನವರಿಗೆ ಸಿನಿಮಾದ ರುಚಿ ಹತ್ತಿದ್ದು ಅಮಾನುಲ್ಲಾ ದೊರೆಯ ಕಾಲದಲ್ಲಿ, 1920ರ ದಶಕದಲ್ಲಿ, ಊರಾಚೆಯ ಪಗ್ಮಾನ್‌ನಲ್ಲಿ ಮೂಕಿಚಿತ್ರ ತೋರಿಸಿದಾಗ. ಆಫ್ಘನ್ನರ ಮೊದಲ ಕಥಾಚಿತ್ರ 'ಇಶ್ಕ್ ವ ದೋಸ್ತಿ' 1946ರದ್ದು. ಅದೂ ತಯಾರಾದದ್ದು ಲಾಹೋರಿನಲ್ಲಿ. ಸರ್ಕಾರಿ ಸಂಸ್ಥೆ 'ಅಫ್ಘಾನ್ ಫಿಲ್ಮ್' 1968ರಲ್ಲಿ ಹುಟ್ಟುವ ಹೊತ್ತಿಗೆ ಕಾಬೂಲಿನ ಶಹರ್-ಎ-ನವ್ ಬಡಾವಣೆಯ 'ಸಿನೆಮಾ ಪಾರ್ಕ್' ಟಾಕೀಸಿಗೆ ಹತ್ತು ವರ್ಷ ದಾಟಿತ್ತು, 'ಅರಿಯಾನಾ' ಟಾಕೀಸಿಗೆ ಐದು ತುಂಬಿತ್ತು. ಸ್ವಂತ ಚಿತ್ರಗಳು ಬೆರಳೆಣಿಕೆಯಷ್ಟೂ ಇಲ್ಲದ ಊರಿನಲ್ಲಿ ಟಾಕೀಸುಗಳ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಹಿಂದಿ ಚಿತ್ರಗಳು.

ಚಿತ್ರೋತ್ಸವದ ಪಂಡಿತರಿಗೆ ಇದು ಸೇರುವುದಿಲ್ಲ. ಅವರ ಲೆಕ್ಕದಲ್ಲಿ ಆಫ್ಘನ್ ಸಿನಿಮಾ ಎಂದರೆ ಸಿದ್ದಿಕ್ ಬರ್ಮಕ್ ಅವರ 'ಒಸಾಮಾ' (2003), ಅದಕ್ಕೆ ಬಂದ ಗೋಲ್ಡನ್ ಗ್ಲೋಬ್. ಚಿತ್ರ ದೊಡ್ಡದೇ, ತಕರಾರಿಲ್ಲ. ಆದರೆ ಒಂದು ಊರಿನ ಸಿನಿಮಾ ಚರಿತ್ರೆಯನ್ನು ಬಹುಮಾನದ ಪಟ್ಟಿ ನೋಡಿ ಬರೆದರೆ ಟಿಕೆಟ್ ಕೊಂಡವರೆಲ್ಲ ಅದರಿಂದ ಹೊರಗುಳಿಯುತ್ತಾರೆ. ಫಿರೋಜ್ ಖಾನ್ 'ಧರ್ಮಾತ್ಮ'ಕ್ಕಾಗಿ (1975) ಆಫ್ಘಾನಿಸ್ತಾನಕ್ಕೆ ಹೋದದ್ದು, ಅಂತರ್ಯುದ್ಧದ ನಡುವೆಯೂ ನಜೀಬುಲ್ಲಾ ಸರ್ಕಾರ 'ಖುದಾ ಗವಾಹ್' (1992) ತಂಡಕ್ಕೆ ಕಾವಲು ಕೊಟ್ಟದ್ದು ಆ ಪ್ರೇಕ್ಷಕರ ಬಲದಿಂದ.

1992ರಿಂದ ಬಣಗಳ ಕಾದಾಟದಲ್ಲಿ ಅರಿಯಾನಾ ಜಖಂಗೊಂಡಿತು. 1996ರಲ್ಲಿ ಬಂದ ತಾಲಿಬಾನ್ ಸಿನಿಮಾವನ್ನೇ ನಿಷೇಧಿಸಿತು. ಚಟ ಮಾತ್ರ ಬಿಡಲಿಲ್ಲ. 'ಟೈಟಾನಿಕ್' ಕಳ್ಳ ಕ್ಯಾಸೆಟ್ಟಿನಲ್ಲಿ ಮನೆಮನೆ ಹೊಕ್ಕಿತು. ನಾಯಕನ ಮಾದರಿಯಲ್ಲಿ ಕೂದಲು ಕತ್ತರಿಸಿದ ಕ್ಷೌರಿಕರು ಜೈಲು ಕಂಡರು. ಬತ್ತಿದ ಕಾಬೂಲ್ ನದಿಯ ಪಾತ್ರದಲ್ಲಿ ಹುಟ್ಟಿದ ಸಂತೆಗೆ ಜನ ಇಟ್ಟ ಹೆಸರು 'ಟೈಟಾನಿಕ್ ಬಜಾರ್'.

ಟಾಕೀಸಿನ ಕಥೆಯನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕು. ಅಫ್ಘಾನ್ ಫಿಲ್ಮ್‌ನ ನೌಕರರ ಸಾಹಸ ಅದಕ್ಕಿಂತ ಸ್ವಾರಸ್ಯದ್ದು. ರೀಲುಗಳನ್ನು ಸುಡಲು ತಾಲಿಬಾನಿಗಳು ಬರುತ್ತಾರೆಂದು ತಿಳಿದಾಗ ಅವರು ನೆಗೆಟಿವ್‌ಗಳನ್ನು ಒಂದು ಕೋಣೆಗೆ ಸೇರಿಸಿ ಬಾಗಿಲಿಗೆ ಗೋಡೆ ಎಬ್ಬಿಸಿದರು. ಬೆಂಕಿಗೆ ಬಿದ್ದದ್ದು ಬಹುಪಾಲು ಹೊರದೇಶದ ಚಿತ್ರಗಳ ಪ್ರಿಂಟುಗಳು. ಪ್ರಿಂಟು ಹೋದರೆ ಇನ್ನೊಂದು ತೆಗೆಯಬಹುದು, ನೆಗೆಟಿವ್ ಹೋದರೆ ಚಿತ್ರವೇ ಹೋದಂತೆ. ಏನನ್ನು ಬಿಟ್ಟುಕೊಡಬಹುದು, ಏನನ್ನು ಕೂಡದು ಎಂಬುದು ಆ ಗುಮಾಸ್ತರಿಗೆ ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ಗೊತ್ತಿತ್ತು.

2001ರ ನವೆಂಬರಿನಲ್ಲಿ ತಾಲಿಬಾನ್ ಊರು ಬಿಟ್ಟ ಕೆಲವೇ ದಿನಗಳಿಗೆ ಬಖ್ತರ್ ಚಿತ್ರಮಂದಿರ 'ಉರುಜ್' ಚಿತ್ರ ಹಾಕಿತು. ಜನ ಬಾಗಿಲಲ್ಲಿ ನೂಕಾಡಿದರು. ಫ್ರೆಂಚ್ ನಿರ್ದೇಶಕ ಕ್ಲೋದ್ ಲಲೂಷ್ ಮತ್ತಿತರರ ನೆರವಿನಿಂದ ಅರಿಯಾನಾ ರಿಪೇರಿಯಾಗಿ 2004ರಲ್ಲಿ ತೆರೆಯಿತು. ಪರದೆಯ ಮೇಲೆ ಮತ್ತೆ ಹಿಂದಿ ಹೊಡೆದಾಟ. ಕಟ್ಟಡ ನಿಲ್ಲಿಸಿದರಷ್ಟೇ ಸಾಲದಾಗಿತ್ತು. ಡಿವಿಡಿ, ಟಿವಿ ಮನೆಗೇ ಬಂದಿದ್ದವು, ಬಾಂಬಿನ ಭಯವಿತ್ತು, ಹೆಂಗಸರು ಟಾಕೀಸಿನ ಕಡೆ ಸುಳಿಯುವುದು ಅಪರೂಪವಾಗಿತ್ತು. ಕುಟುಂಬಗಳು ಬರದ ಟಾಕೀಸಿಗೆ ಆಯುಸ್ಸು ಕಡಿಮೆ.

ಟಾಕೀಸುಗಳು ಅಳಿದದ್ದಕ್ಕೆ ಯುದ್ಧದ ರಾಕೆಟ್ಟಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವ ಲೇಖನಗಳು ಮುಗ್ಗರಿಸುವುದು ಸಿನೆಮಾ ಪಾರ್ಕ್‌ನ ಬಳಿ. ಅಂತರ್ಯುದ್ಧವನ್ನೂ ಮೊದಲ ತಾಲಿಬಾನ್ ಆಳ್ವಿಕೆಯನ್ನೂ ದಾಟಿ ನಿಂತ ಆ ಕಟ್ಟಡವನ್ನು 2020ರ ನವೆಂಬರಿನಲ್ಲಿ ನೆಲಸಮ ಮಾಡಿಸಿದ್ದು ಚುನಾಯಿತ ಸರ್ಕಾರ. ಆದೇಶ ಉಪಾಧ್ಯಕ್ಷ ಅಮ್ರುಲ್ಲಾ ಸಾಲೇ ಅವರದು. ಅಫ್ಘಾನ್ ಫಿಲ್ಮ್‌ನ ಮುಖ್ಯಸ್ಥೆ, ನಿರ್ದೇಶಕಿ ಸಹ್ರಾ ಕರೀಮಿ ಸ್ಥಳದಲ್ಲೇ ಪ್ರತಿಭಟಿಸಿದರು. ಅವರನ್ನು ಅಲ್ಲಿಂದ ಎಬ್ಬಿಸಿ ಯಂತ್ರ ಹರಿಸಲಾಯಿತು.

2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿತು, ಉಳಿದ ಚಿತ್ರಮಂದಿರಗಳಿಗೂ ಬೀಗ ಬಿತ್ತು. ಅರಿಯಾನಾ ಪುರಸಭೆಯ ಆಸ್ತಿಯಾಗಿತ್ತು, ಸಿಬ್ಬಂದಿ ಸರ್ಕಾರಿ ನೌಕರರಾಗಿದ್ದರು. ಹೀಗಾಗಿ ಗಂಡಸರು ಸಂಬಳದ ಆಸೆಗೆ ಹಾಜರಿ ಹಾಕಿ ಖಾಲಿ ಕೂತು ಹೋಗುತ್ತಿದ್ದರು. ಅದೇ ಚಿತ್ರಮಂದಿರದ ನಿರ್ದೇಶಕಿಗೆ ಮಾತ್ರ ಒಳಗೆ ಕಾಲಿಡಲು ಅನುಮತಿ ಇರಲಿಲ್ಲ.