ನಾಗತ್ತರನ ಕಲ್ಲು: ಒಂದು ವ್ಯಾಖ್ಯಾನ

ತಲಘಟ್ಟಪುರದ ಬಳಿ ನೈಸ್ ರಸ್ತೆ ಹತ್ತಿ ಪೂರ್ವಕ್ಕೆ ಹೊರಟರೆ, ಬನ್ನೇರುಘಟ್ಟ ರಸ್ತೆಯ ಆಚೆ ಬೇಗೂರಿನ ಸೀಮೆ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಅಲ್ಲಿ ನೆಟ್ಟ ವೀರಗಲ್ಲೊಂದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಕಾಳಗದ ಕೆತ್ತನೆಗೆ ಬೆರಗಾಗದವರಿಲ್ಲ. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರ ಬರಹ. ಈ ಸೀಮೆಯಿಂದ ದಂಡಿಗೆ ಹೋಗಿ ಮರಳದವನೊಬ್ಬನನ್ನು ಊರು ಹೇಗೆ ನೆನೆಯಿತು ಎಂಬುದು ಅದರಲ್ಲಿದೆ.

"ಸ್ವಸ್ತಿ ಸಮಸ್ತ ಭುವನ ವಿನೂತ ಗಂಗಕುಲ ಗಗನ ನಿರ್ಮಳ ತಾರಾಪತಿ..."

ಲೋಕವೆಲ್ಲ ಹೊಗಳುವ ಗಂಗಕುಲವೆಂಬ ಆಕಾಶಕ್ಕೆ ನಿರ್ಮಲ ಚಂದ್ರ. ಇದು ದೊರೆ ಎರೆಯಪ್ಪರಸನ ಹೊಗಳಿಕೆ. ಸಂಸ್ಕೃತ ಸಮಾಸಗಳು ಹೀಗೇ ಸಾಲುಗಟ್ಟಿ ಬರುತ್ತವೆ. ಶಾಸನದ ರೂಢಿ ಅದು. ಮುಂದೆ ಹೋಗೋಣ.

"ಅಯ್ಯಪದೇವಂಗೆ ಸಾಮಂತ ಸಹಿತಂ ನಾಗತ್ತರನಂ ದಂಡುವೇೞೆ"

ಎದುರಾಳಿ ವೀರಮಹೇಂದ್ರ. ಅವನೊಡನೆ ಕಾದಲು ಹೊರಟವನು ಅಯ್ಯಪದೇವ. ಆ ಅಯ್ಯಪದೇವನಿಗೆ ನೆರವಾಗಲು ಸಾಮಂತರ ಜೊತೆ ನಾಗತ್ತರನಿಗೆ ದಂಡು ಹೊರಡಲು ಅಪ್ಪಣೆಯಾಯಿತು. ಬೇಗೂರಿನವನಿಗೆ ಆ ಜಗಳದಲ್ಲಿ ಸ್ವಂತದ್ದೇನಿತ್ತು ಎಂದು ಕಲ್ಲು ಹೇಳುವುದಿಲ್ಲ. ದೊರೆ ಹೇಳಿದ, ಹೋದ. ಸಾವಿರ ವರ್ಷದ ಮೇಲೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಸವಾರರೂ ಹೀಗೇ ಬ್ರಿಟಿಷರ ಯುದ್ಧಕ್ಕಾಗಿ ಕಡಲು ದಾಟಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದರು. ಆ ಪಡೆಯಲ್ಲಿ ಮಡಿದವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಯಾರ ಯುದ್ಧವಾದರೂ, ಸತ್ತವನು ನಮ್ಮೂರಿನವನೇ.

"ತುಂಬೆಪಾದಿಯೊಳ್ ಕಾದಿ ಕಾಳೆಗಂ ಇಂಬರಿದಾಗೆ ಆನೆಯೊಳಾಂತಿಱಿದು ಸತ್ತಡೆ"

ತುಂಬೆಪಾದಿಯಲ್ಲಿ ಹೋರಾಡುತ್ತಾ, ಕಾಳಗ ಇಕ್ಕಟ್ಟಿಗೆ ಬಂದಾಗ, ಆನೆಗೆ ಎದುರು ನಿಂತು ಇರಿದು ಸತ್ತನು. ಇಲ್ಲಿಗೆ ಬರುತ್ತಲೇ ಸಮಾಸಗಳೆಲ್ಲ ಉದುರಿಹೋದವು, ನೋಡಿ. ಕಾದು, ಆನು, ಇರಿ, ಸಾಯಿ: ಎಲ್ಲ ಅಚ್ಚಗನ್ನಡದ ಕ್ರಿಯಾಪದಗಳು. ಬರೆದವನು ಸಾವಿಗೆ ಅಲಂಕಾರ ತೊಡಿಸಲಿಲ್ಲ. ಸ್ವರ್ಗಕ್ಕೆ ಏರಿದ ಎನ್ನಲಿಲ್ಲ, ಸತ್ತ ಎಂದ. ದೊರೆಯ ಬಿರುದಾವಳಿಗಿಂತ ಈ ಕೆಲವೇ ಪದಗಳಲ್ಲಿ ನನಗೆ ಹೆಚ್ಚು ಗೌರವ ಕಾಣುತ್ತದೆ. ಇನ್ನೊಂದು ಮಾತು: ವಾಕ್ಯ ಇಲ್ಲಿ ನಿಲ್ಲುವುದಿಲ್ಲ. "ಸತ್ತಡೆ", ಅಂದರೆ ಸತ್ತಾಗ. ಮುಂದೆ ಏನು ಮಾಡಿದರು ಎಂದು ಕೇಳಿಸಿಕೊಳ್ಳಲೇಬೇಕು.

"ಅದಂ ಕೇಳ್ದು ಎರೆಯಪಂ ಮೆಚ್ಚಿ ಇರುಗಂಗೆ ನಾಗತ್ತರವಟ್ಟಂಗಟ್ಟಿ"

ಸುದ್ದಿ ಕೇಳಿದ ಎರೆಯಪ್ಪ ಮೆಚ್ಚಿ, ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿದ. ಇರುಗ ಸತ್ತವನಿಗೆ ಏನಾಗಬೇಕು? ಕಲ್ಲಿನಲ್ಲಿ ಇಲ್ಲ. ಆದರೆ ಸ್ಥಾನ ಬರಿದಾಗಲಿಲ್ಲ, ಹೆಸರೂ ಅಳಿಯಲಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಇನ್ನೊಂದು ಕಲ್ಲಿನಲ್ಲೂ ನಾಗತ್ತರನ ಹೆಸರಿದೆ: ಅವನ ಮನೆಗೆ ಸೇರಿದವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಮಡಿದ ಸಂಗತಿ ಅದು. ನಮ್ಮ ನಗರದ ಹೆಸರು ಹಳೆಯ ಬರಹದಲ್ಲಿ ಕಾಣಿಸಿಕೊಳ್ಳುವುದೇ ಹೀಗೆ, ಒಬ್ಬ ಯೋಧನ ಸಾವಿನ ಜೊತೆ.

"ಬೆಂಪೂರ್ ಪನ್ನೆರಡುಮಂ ಶಾಸನಬದ್ಧಂ ಕಲ್ನಾಡಿತ್ತಂ"

ಬೆಂಪೂರು ಎಂದರೆ ಇಂದಿನ ಬೇಗೂರು. ಅದರ ಹನ್ನೆರಡು ಊರುಗಳನ್ನು ಕಲ್ನಾಡಾಗಿ, ವೀರನ ಹೆಸರಿನ ಉಂಬಳಿಯಾಗಿ, ಕೊಟ್ಟರು. ಮುಂದೆ ಊರುಗಳ ಪಟ್ಟಿ: ತೊವಗೂರು, ಪುಲ್ಲಿಮಂಗಲ, ಇಗ್ಗಲೂರು, ಕೂಡಲು, ಇತ್ಯಾದಿ. ಇಂದಿನ ತೋಗೂರು, ಹುಲಿಮಂಗಲ, ಇಗ್ಗಲೂರು, ಕೂಡ್ಲು ಇವೇ ಇರಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ದಿನವೂ ಓಡಾಡುವ ನೆಲ. ಓದುವವರು ಸಾಮಾನ್ಯವಾಗಿ ಈ ಪಟ್ಟಿಯನ್ನು ಹಾರಿಸಿಬಿಡುತ್ತಾರೆ. ಶಾಸನದ ಜೀವ ಇರುವುದು ಇಲ್ಲೇ ಎಂದು ನಾನು ತಿಳಿದಿದ್ದೇನೆ. ಮೆಚ್ಚುಗೆ ಬಾಯಿಮಾತಿನಲ್ಲಿ ಮುಗಿಯಲಿಲ್ಲ. ಗದ್ದೆ, ಕೆರೆ, ಹುಟ್ಟುವಳಿಯಾಯಿತು. ಎಲ್ಲೆಯ ವಿಷಯದಲ್ಲಿ ನಾಳೆ ತಕರಾರು ಬರಬಾರದೆಂದು ಸೀಮೆಗಳನ್ನೂ ಇತ್ಯರ್ಥ ಮಾಡಿದರು. ಇಂದು ನಾವು ನೆಡುವ ಸ್ಮಾರಕಗಳಲ್ಲಿ ಹೆಸರು, ಪದವಿ, ತಾರೀಕು ಇರುತ್ತವೆ. ಉಳಿದವರಿಗೆ ಏನು ಕೊಟ್ಟೆವು ಎಂಬ ಸಾಲು ಇರುವುದಿಲ್ಲ. ಅದನ್ನೂ ಕೆತ್ತಬೇಕು, ಊರಿಗೆಲ್ಲ ಕಾಣುವಂತೆ.

"ಎರೆಯಪಂ ನಾಗತ್ತರಂಗೆ ಮೆಚ್ಚುಗೊಟ್ಟ ಕಲ್ನಾಡು"

ಕೊಟ್ಟದ್ದು ಸತ್ತ ನಾಗತ್ತರನಿಗೋ, ಪಟ್ಟ ಕಟ್ಟಿಸಿಕೊಂಡು ನಾಗತ್ತರನಾದ ಇರುಗನಿಗೋ? ವಾಕ್ಯ ಎರಡಕ್ಕೂ ಒಪ್ಪುತ್ತದೆ. ಇಬ್ಬರಿಗೂ ಎಂದೇ ನಾನು ಓದುತ್ತೇನೆ. ಮೆಚ್ಚುಗೆ ಹೋದವನದು, ನೆಲ ಇದ್ದವನದು. ಇದಾದ ಮೇಲೆ "ಮಂಗಲಮಹಾಶ್ರೀ" ಎಂದು ಬರಹ ಮುಗಿಯುತ್ತದೆ.