ಚುಕ್ಕಿ-ಗೆರೆಯ ರಸಿಕರಿಗೊಂದು ಕೈಪಿಡಿ

ಡಿಸೆಂಬರ್ 22 ಬಂತೆಂದರೆ ಬೀದರಿನ ಕಾಲೇಜುಗಳಲ್ಲೂ ರಾಮಾನುಜನ್ ಫೋಟೋಕ್ಕೆ ಹಾರ ಬೀಳುತ್ತದೆ. 1729ರ ಟ್ಯಾಕ್ಸಿ ಕಥೆ ಮತ್ತೊಮ್ಮೆ ಓಡುತ್ತದೆ. ಯಾರೋ ಒಬ್ಬರು ಐದಂಕಿಯ ಗುಣಾಕಾರವನ್ನು ಬಾಯಲ್ಲೇ ಮಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆಮೇಲೆ ಗ್ರಾಫ್ ಥಿಯರಿಯ ಮೇಷ್ಟ್ರು ಎದ್ದು ಬೋರ್ಡಿನ ಮೇಲೆ ನಾಲ್ಕು ಚುಕ್ಕಿ ಇಡುವಷ್ಟರಲ್ಲಿ ಅರ್ಧ ಸಭೆ ಚಹಾಕ್ಕೆ ಹೋಗಿರುತ್ತದೆ. ಉಳಿದವರು ಕೇಳುವುದು ಒಂದೇ: 'ಇದರಿಂದ ಉಪಯೋಗ ಏನ್ರೀ?'

ಬಾಯಿಲೆಕ್ಕ ಗಣಿತವಾದರೆ ಕ್ಯಾಲ್ಕ್ಯುಲೇಟರಿಗೂ ಶಾಲು ಹೊದಿಸಬೇಕಾಗುತ್ತದೆ. ಕೂತು ಕೇಳುವ ಮನಸ್ಸಿದ್ದವರು ಮುಂದೆ ಓದಿ.

ನನಗೆ ರುಚಿ ಹತ್ತಿದ್ದು ಕಲಬುರಗಿಯಲ್ಲಿ, ಎಂ.ಎಸ್ಸಿ. ಓದುವಾಗ. 'ಯಾವೂರಪ್ಪ ನಿಂದು?' ಅಂದರು ಮೇಷ್ಟ್ರು. 'ಚಿಂತಾಕಿ ಸರ್, ಔರಾದ್ ತಾಲೂಕು.' ಅವರು ಸಾಲಾಗಿ ಐದು ಚುಕ್ಕಿ ಇಟ್ಟು ಗೆರೆಯಲ್ಲಿ ಪೋಣಿಸಿದರು: ಭಾಲ್ಕಿ, ಬೀದರ್, ಸಂತಪುರ, ಔರಾದ್, ಚಿಂತಾಕಿ. ನಡುವಿನ ಹಳ್ಳಿಗಳನ್ನೆಲ್ಲ ಒರೆಸಿಹಾಕಿದ್ದರು. 'ಪ್ರತಿ ಊರಿನಲ್ಲಿ, ಇಲ್ಲವೇ ಅದರ ಪಕ್ಕದ ಊರಿನಲ್ಲಿ ಆಂಬುಲೆನ್ಸ್ ಇರಬೇಕು. ಎಷ್ಟು ಸಾಕು?' ಎರಡು. ಬೀದರಿನಲ್ಲೊಂದು, ಔರಾದಿನಲ್ಲೊಂದು. ಇದೇ ಡಾಮಿನೇಷನ್. ಗಣಿತಜ್ಞ ಆಯ್ಸ್ಟೈನ್ ಓರ್ 1962ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಈ ಹೆಸರು ಕೊಟ್ಟರು.

'ಈಗ ಆಂಬುಲೆನ್ಸ್ ಇರುವ ಊರುಗಳು ಒಂದಕ್ಕೊಂದು ಜೋಡಿಕೊಂಡಿರಬೇಕು' ಅಂದರು ಮೇಷ್ಟ್ರು. ಸಂತಪುರ ಎದ್ದು ಬಂತು. ಅಲ್ಲಿಗೆ ಗಾಡಿಯ ಅಗತ್ಯವೇ ಇರಲಿಲ್ಲ, ಎರಡೂ ಕಡೆಯಿಂದ ಅದಕ್ಕೆ ರಕ್ಷಣೆಯಿತ್ತು. ಬರೀ ಸಂಬಂಧ ಉಳಿಸಲು ಅದನ್ನು ಸೇರಿಸಬೇಕಾಯಿತು. ಎರಡು ಇದ್ದದ್ದು ಮೂರಾಯಿತು.

ರಸಿಕನ ಕಿವಿ ಇರಬೇಕಾದದ್ದು ಇಲ್ಲಿ, ಸೇರಿಸಿದ ಷರತ್ತಿನ ಮೇಲೆ. ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲಿಕಾರ 1979ರಲ್ಲಿ ಈ 'ಜೋಡಿಕೊಂಡಿರಬೇಕು' ಎಂಬ ಷರತ್ತು ಹಾಕಿದರು. ಇಬ್ಬರೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಂಟಿನವರು. ವಾಲಿಕಾರರು ಮುಂದೆ ಅಲ್ಲಿಯೇ ಕುಲಪತಿಗಳಾದರು. ನಿಸ್ತಂತು ಜಾಲದಲ್ಲಿ ಸುದ್ದಿ ಸಾಗಿಸುವ ಬೆನ್ನೆಲುಬು ಕಟ್ಟುವವರು ಆಮೇಲೆ ಇದನ್ನೇ ಹಿಡಿದುಕೊಂಡರು. ಉಪಯೋಗ ಕೇಳಿದವರಿಗೆ ಇಷ್ಟು ಸಾಕು.

ನನಗೆ ಬೇಕಾದದ್ದು ಬೇರೆ. ಊರುಗಳನ್ನೆಲ್ಲ ಹೆಣೆದೂ ಎಲ್ಲಿಯೂ ಸುತ್ತುಗಟ್ಟದ ಜಾಲವನ್ನು ಮರ ಅನ್ನುತ್ತೇವೆ, ಒಂದೇ ಗೆರೆಗೆ ಜೋತುಬಿದ್ದ ಊರು ಅದರ ಎಲೆ. ಗ್ರಾಫಿನೊಳಗೆ, ಅಂದರೆ ಚುಕ್ಕಿ-ಗೆರೆಗಳ ಜಾಲದೊಳಗೆ, ಸಾಧ್ಯವಾದಷ್ಟು ಹೆಚ್ಚು ಎಲೆಗಳಿರುವ ಮರ ಹುಡುಕಿ, ಎಲೆಗಳನ್ನು ಉದುರಿಸಿ. ಉಳಿದದ್ದೇ ಜೋಡಿಕೊಂಡ, ಎಲ್ಲರನ್ನೂ ಕಾಯುವ ಅತಿ ಚಿಕ್ಕ ಗುಂಪು. ಕಾಯುವ ಪ್ರಶ್ನೆ ಕೇಳಿದ್ದೆವು, ಉತ್ತರ ಎಲೆಗಳಲ್ಲಿತ್ತು. ಆ ಸಂಜೆ ಹಾಸ್ಟೆಲ್ಲಿಗೆ ಹೋಗಿ ಊಟ ಮರೆತು ಮರ ಬರೆದೆ.

ಕಲಬುರಗಿಯದೇ ಒಂದು ಪರಂಪರೆಯಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ವಿ.ಆರ್. ಕುಳ್ಳಿ ಅವರು ಜಾನಕಿರಾಮ್ ಜೊತೆ 1997ರಲ್ಲಿ ಉಲ್ಟಾ ಷರತ್ತು ಹಾಕಿದರು: ಕಾಯುವವರನ್ನು ತೆಗೆದರೆ ಮಿಕ್ಕವರು ಚದುರಬೇಕು. ಬೀದರ್, ಔರಾದ್ ಎರಡನ್ನೂ ಅಳಿಸಿ ನೋಡಿ: ಭಾಲ್ಕಿ ಒಂದು ಕಡೆ, ಸಂತಪುರ ಒಂದು ಕಡೆ, ನಮ್ಮೂರು ಒಂದು ಕಡೆ. ಹಾಗಂತ ಷರತ್ತು ಹಾಕಿದ್ದೆಲ್ಲ ಸಂಗೀತವಲ್ಲ. ಇಂದು ಹೊಸ ಹೆಸರಿಟ್ಟು, ನಾಲ್ಕು ಗ್ರಾಫಿಗೆ ಲೆಕ್ಕ ಹಾಕಿ ಪೇಪರ್ ಮುಗಿಸುವವರ ಹಾವಳಿ ವಿಪರೀತ. ಒಬ್ಬ ಗಣಿತಜ್ಞನ ಬದುಕನ್ನು ಅಳೆಯಲು ಪೇಪರುಗಳನ್ನು ಎಣಿಸಬೇಡಿ. ಅವನ ಷರತ್ತಿನಿಂದ ಎಷ್ಟು ಸಂತಪುರಗಳು ಎದ್ದು ಬಂದವು, ಅದನ್ನು ನೋಡಿ.

ಎಣಿಕೆಯ ಕಾಂಬಿನೇಟರಿಕ್ಸ್ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಆದರೆ ನಮ್ಮ ಸೀಮೆಯ ಹಕ್ಕು ಹೇಳದೆ ಬಿಡಲಾರೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಇಷ್ಟರಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಸೂತ್ರ ಅದರಲ್ಲಿದೆ. ಆರು ರುಚಿಗಳಿಂದ 63 ಬೆರಕೆ. ಆ ನೃಪತುಂಗನ ರಾಜಧಾನಿ ಮಳಖೇಡದ ಕೋಟೆಗೆ ಹೋದವರು ಸೆಲ್ಫಿ ತೆಗೆದುಕೊಂಡು ಬರುತ್ತಾರೆ.

ಕೊನೆಗೊಂದು ಅಭ್ಯಾಸ. ಆ ಐದು ಚುಕ್ಕಿಗಳಿಗೆ ಒಂದೇ ಒಂದು ಹೊಸ ಗೆರೆ ಎಳೆಯಲು ಅನುಮತಿ ಇದೆ ಎನ್ನಿ. ಆರು ಕಡೆ ಎಳೆಯಬಹುದು. ಮೂರು ಗಾಡಿ ಎರಡಕ್ಕೆ ಇಳಿಯಬೇಕು, ಗಾಡಿಗಳಿರುವ ಊರುಗಳು ಜೋಡಿಯಾಗಿಯೇ ಇರಬೇಕು. ಕೇಳಿದವರೆಲ್ಲ ಮೊದಲು ಎರಡು ತುದಿಗಳನ್ನು, ಚಿಂತಾಕಿ-ಭಾಲ್ಕಿಯನ್ನು, ಜೋಡಿಸುತ್ತಾರೆ. ಆರರಲ್ಲಿ ದಂಡವಾಗುವ ಗೆರೆ ಅದೊಂದೇ! ಅದರಿಂದ ಉಂಗುರವಾಗುತ್ತದೆ, ಉಂಗುರದೊಳಗಿನ ಯಾವ ಮರಕ್ಕೂ ಎಲೆ ಎರಡೇ. ಬಾಕಿ ಐದು ಗೆರೆಗಳಲ್ಲಿ ಯಾವುದನ್ನು ಎಳೆದರೂ ಯಾವುದೋ ಒಂದು ಊರಿಗೆ ಮೂರು ಹಾದಿ ಕೂಡುತ್ತವೆ, ಮೂರನೆಯ ಎಲೆ ಚಿಗುರುತ್ತದೆ. ನಂಬಿಕೆ ಬರದಿದ್ದರೆ ಐದನ್ನೂ ಬರೆದು ನೋಡಿ.